ಕಿಡ್ನಿ ಮಾರಿ ಮೋಸಹೋದವನು ಯಾರಿಗೆ ದೂರು ಕೊಡಬೇಕು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಅಂಗಾಂಗ ಮಾರಾಟದ ಜಾಲಕ್ಕೆ ಸಿಕ್ಕಿ ಮೋಸಹೋದವರು ಹೆದರದೆ ದೂರು ಕೊಡಲು ದಾರಿ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಬೆಂಗಳೂರಿನ ಒಂದು ಕೋರ್ಟಿನ ಪಕ್ಕದಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಾಡಿಗೆ ಕರಾರು, ಹೆಸರು ಬದಲಾವಣೆ, ವಂಶವೃಕ್ಷದ ಅಫಿಡವಿಟ್, ಚೆಕ್ ಬೌನ್ಸ್ ನೋಟಿಸ್, ಎಲ್ಲವನ್ನೂ ಹೊಡೆದುಕೊಡುತ್ತೇನೆ. ನಾನು ಲಾಯರ್ ಅಲ್ಲ, ಡಾಕ್ಟರ್ ಅಂತೂ ಮೊದಲೇ ಅಲ್ಲ. ಆದರೆ ಕಿಡ್ನಿ ಕಸಿಗೆ ಬೇಕಾದ ಕಾಗದಪತ್ರಗಳು ನಮ್ಮಂಥ ಅಂಗಡಿಗಳನ್ನು ದಾಟಿಯೇ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ಕಾನೂನು ಪುಸ್ತಕದಲ್ಲಿ ಹೇಗಿದೆ, ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತವರ ಪಾಲಿಗೆ ಹೇಗಿದೆ ಅನ್ನುವುದನ್ನು ಎರಡೂ ಕಡೆಯಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ. ಅದನ್ನು ತಮ್ಮ ಮುಂದೆ ಇಡುವುದಕ್ಕೆ ಈ ಪತ್ರ.

ಮೊದಲು ಒಂದು ಮಾತು. ಕಿಡ್ನಿ ಕೊಡಲು ಬರುವವರಲ್ಲಿ ಹೆಚ್ಚಿನವರು ನಿಜವಾದವರೇ. ಮಗನಿಗೆ ಕೊಡುವ ತಾಯಿ, ಗಂಡನಿಗೆ ಕೊಡುವ ಹೆಂಡತಿ, ತಮ್ಮನಿಗೆ ಕೊಡುವ ಅಕ್ಕ. ಅವರನ್ನು ನೋಡಿದರೆ ಗೊತ್ತಾಗುತ್ತದೆ. ಫೈಲು ಅವರ ಕೈಯಲ್ಲೇ ಇರುತ್ತದೆ. ಹಳೇ ಮದುವೆ ಫೋಟೋ, ರೇಷನ್ ಕಾರ್ಡು, ಸ್ಕೂಲಿನ ಟಿಸಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಕೊಂಡು ಬಂದಿರುತ್ತಾರೆ. ಡಯಾಲಿಸಿಸ್ ಮಾಡಿಸಿ ಸುಸ್ತಾದ ರೋಗಿಯೂ ಕೆಲವೊಮ್ಮೆ ಜೊತೆಗೇ ಇರುತ್ತಾರೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಮೆಷಿನ್‌ಗೆ ಕೈಕೊಟ್ಟು ಮಲಗಬೇಕಾದವರು. ಅಂಥವರ ಕಷ್ಟವನ್ನು ಹಗುರವಾಗಿ ನೋಡುವ ಉದ್ದೇಶ ನನಗಿಲ್ಲ.

ಇನ್ನೊಂದು ಥರದವರು ಬರುತ್ತಾರೆ. ಅವರ ಫೈಲು ಅವರ ಕೈಯಲ್ಲಿ ಇರುವುದಿಲ್ಲ, ಜೊತೆಗೆ ಬಂದವನ ಕೈಯಲ್ಲಿ ಇರುತ್ತದೆ. ಅವನು ವಾಟ್ಸಾಪ್‌ನಲ್ಲಿ ಫಾರ್ಮ್ಯಾಟ್ ಕಳಿಸುತ್ತಾನೆ. 'ಅಣ್ಣಾ, ಇದನ್ನೇ ಹೊಡ್ಕೊಡಿ, ಹೆಸರು, ಅಡ್ರೆಸ್ಸು ಮಾತ್ರ ಚೇಂಜ್ ಮಾಡಿ' ಅನ್ನುತ್ತಾನೆ. ಅದರಲ್ಲಿ ಹೀಗಿರುತ್ತದೆ: 'ರೋಗಿಯು ನನಗೆ ಹಲವು ವರ್ಷಗಳಿಂದ ಪರಿಚಿತರಿದ್ದು, ಅವರ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾವುದೇ ಹಣದ ಆಮಿಷಕ್ಕೆ ಒಳಗಾಗದೆ, ನನ್ನ ಒಂದು ಮೂತ್ರಪಿಂಡವನ್ನು ದಾನ ಮಾಡಲು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.'

ಒಮ್ಮೆ ಹೀಗೇ ಇಬ್ಬರು ಬಂದಿದ್ದರು. ಕೊಡುವವನು ಮೂವತ್ತರ ಆಸುಪಾಸಿನ ಹುಡುಗ. ಪೀಣ್ಯದ ಕಡೆ ಪೌಡರ್ ಕೋಟಿಂಗ್ ಮಾಡುವ ಶೆಡ್‌ನಲ್ಲಿ ಕೆಲಸ. ಉಗುರಿನ ಸಂದಿಯಲ್ಲಿ ನೀಲಿ ಪುಡಿ ಹಾಗೇ ಕೂತಿತ್ತು. ರೋಗಿ ಅವನಿಗೆ 'ಚಿಕ್ಕಪ್ಪನ ವರಸೆ' ಅಂತ ಕಾಗದದಲ್ಲಿತ್ತು. ನಾನು ಟೈಪ್ ಮಾಡುತ್ತಾ, 'ನಿಮ್ಮ ಚಿಕ್ಕಪ್ಪನ ಇನಿಷಿಯಲ್ ಏನಪ್ಪಾ?' ಅಂತ ಕೇಳಿದೆ. ಅವನು ನನ್ನನ್ನು ನೋಡಲಿಲ್ಲ, ಪಕ್ಕದವನ ಮುಖ ನೋಡಿದ. ಪಕ್ಕದವನು ಹೇಳಿದ. 'ಚಿಕ್ಕಪ್ಪನ ಊರು ಯಾವುದು?' ಅಂದೆ. ಅದಕ್ಕೂ ಪಕ್ಕದವನೇ ಉತ್ತರ ಕೊಟ್ಟ. ನಾನು ಕೀಬೋರ್ಡು ಬಿಟ್ಟು, ಇದು ನಮ್ಮಲ್ಲಿ ಆಗಲ್ಲ ಅಂದೆ. ಅವರು ಜಗಳ ಏನೂ ಮಾಡಲಿಲ್ಲ. ಎದ್ದು ಮುಂದಿನ ಅಂಗಡಿಗೆ ಹೋದರು. ನಮ್ಮ ಸಾಲಿನಲ್ಲಿ ಅಂಗಡಿಗಳಿಗೇನು ಬರವಾ?

ಈ ಫಾರ್ಮ್ಯಾಟ್ ಯಾಕೆ ಅಷ್ಟು ಪಕ್ಕಾ ಇರುತ್ತದೆ ಅಂದರೆ, ಕಾನೂನಿನಲ್ಲಿರುವ ಮಾತನ್ನೇ ಅದು ಹಿಡಿದುಕೊಂಡಿರುತ್ತದೆ. ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ, ಜಾರಿಯಾದದ್ದು 1995ರ ಫೆಬ್ರವರಿ 4ರಂದು. ಅದಕ್ಕೂ ಮೊದಲು ದುಡ್ಡಿಗೆ ಕಿಡ್ನಿ ಕೊಡುವುದನ್ನು ನೇರವಾಗಿ ತಡೆಯುವ ಕಾಯ್ದೆ ದೇಶದಲ್ಲಿ ಇರಲಿಲ್ಲ. ಮುಂಬೈ, ಚೆನ್ನೈ ಜೊತೆಗೆ ನಮ್ಮ ಬೆಂಗಳೂರೂ ಆ ದಂಧೆಗೆ ಹೆಸರಾಗಿತ್ತು. ವಿದೇಶದಿಂದಲೂ ಜನ ಬರುತ್ತಿದ್ದರು. 1995ರಲ್ಲಿ ಇಲ್ಲಿ ಬಯಲಾದ ಕಿಡ್ನಿ ಹಗರಣ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆರೋಗ್ಯ ರಾಜ್ಯದ ವಿಷಯವಾದ್ದರಿಂದ ಒಂದೊಂದು ರಾಜ್ಯವೂ ಈ ಕಾಯ್ದೆಯನ್ನು ಒಪ್ಪಿಕೊಳ್ಳಬೇಕಿತ್ತು. ಮೊದಲು ಗೋವಾ, ಹಿಮಾಚಲ, ಮಹಾರಾಷ್ಟ್ರ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಜಾರಿಯಾಯಿತು. ಆಮೇಲೆ ನಮ್ಮ ರಾಜ್ಯವೂ ಒಪ್ಪಿಕೊಂಡಿತು.

ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬದುಕಿರುವವರು ಅಂಗ ಕೊಡುವುದಾದರೆ ಹತ್ತಿರದ ಸಂಬಂಧಿಗೆ ಕೊಡಬೇಕು. ಗಂಡ, ಹೆಂಡತಿ, ಮಗ, ಮಗಳು, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಇವರನ್ನು ಬಿಟ್ಟು ಬೇರೆಯವರು ಕೊಡಬೇಕಾದರೆ 'ಪ್ರೀತಿ ಅಥವಾ ಬಾಂಧವ್ಯ' ಇರಬೇಕು, ಇಲ್ಲವೇ ಬೇರೆ ವಿಶೇಷ ಕಾರಣ ಇರಬೇಕು, ಮತ್ತು ಅದಕ್ಕೆಂದೇ ಇರುವ ಸಮಿತಿ ಅನುಮತಿ ಕೊಡಬೇಕು. ದಂಧೆ ನಡೆಯುವುದು ಈ ಸಂದಿಯಲ್ಲೇ. ಪ್ರೀತಿಗೆ ರಸೀದಿ ಕೇಳಲು ಆಗುತ್ತದಾ?

ಹಾಗಂತ ಕಾನೂನು ಮಾಡಿದವರು ದಡ್ಡರಲ್ಲ. 2014ರ ನಿಯಮಗಳನ್ನು ಓದಿದರೆ ಅವರು ಎಷ್ಟೆಲ್ಲ ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಕೊಡುವವನಿಗೂ ಪಡೆಯುವವನಿಗೂ ಹೇಗೆ ಪರಿಚಯ, ಹಣದ ವ್ಯವಹಾರ ಇದೆಯಾ, ಮಧ್ಯವರ್ತಿ ಇದ್ದಾನಾ ಅಂತ ಸಮಿತಿ ವಿಚಾರಿಸಬೇಕು. ಇಬ್ಬರ ಹಿಂದಿನ ಮೂರು ಹಣಕಾಸು ವರ್ಷದ ಆದಾಯದ ದಾಖಲೆ ನೋಡಬೇಕು. ಜೊತೆಗಿರುವ ಹಳೇ ಫೋಟೋ ನೋಡಬೇಕು. ಕೊಡುವವನ ಮನೆಯವರನ್ನು ಕರೆಸಿ ಮಾತಾಡಬೇಕು. ವಿಚಾರಣೆಯನ್ನು ವಿಡಿಯೋ ಮಾಡಬೇಕು. ಇಷ್ಟೆಲ್ಲ ಇದ್ದೂ ಶೆಡ್‌ನಲ್ಲಿ ದುಡಿಯುವವನು ಗುರುತೇ ಇಲ್ಲದ ಸೈಟು ವ್ಯಾಪಾರಿಗೆ 'ಪ್ರೀತಿಯಿಂದ' ಕಿಡ್ನಿ ಕೊಟ್ಟುಬಿಡುತ್ತಾನೆ ಅಂದರೆ, ಎಲ್ಲೋ ಯಾರೋ ಕಣ್ಣು ಮುಚ್ಚಿಕೊಂಡಿದ್ದಾರೆ, ಅಥವಾ ಕಾಗದಗಳು ಅಷ್ಟು ಚೆನ್ನಾಗಿ ತಯಾರಾಗಿವೆ. ಎರಡೂ ಇರಬಹುದು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಅದೇ ಹುಡುಗ ಕೆಲವು ತಿಂಗಳಾದ ಮೇಲೆ ಮತ್ತೆ ನನ್ನ ಅಂಗಡಿಗೆ ಬಂದ. ಈ ಸಲ ಒಬ್ಬನೇ. ಇಳಿದುಹೋಗಿದ್ದ. ಕೂರುವಾಗ ಎಡಪಕ್ಕೆಗೆ ಕೈ ಒತ್ತಿಕೊಂಡೇ ಕೂತ. 'ಸಾರ್, ಒಂದು ಕಂಪ್ಲೇಂಟ್ ಹೊಡ್ಕೊಡ್ಬೇಕು' ಅಂದ. ಕತೆ ಇಷ್ಟು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು, ಫ್ಯಾಕ್ಟರಿ ಮುಚ್ಚಿತು. ಸಂಘದ ಸಾಲ ಎರಡು ಕಡೆ, ಮೇಲೆ ಕೈಸಾಲ. ವಾರದ ಕಂತಿಗೆ ಮನೆ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಪರಿಚಯದವನೊಬ್ಬ ಈ ಬ್ರೋಕರ್‌ನ ನಂಬರ್ ಕೊಟ್ಟ. ಐದು ಲಕ್ಷ ಅಂತ ಮಾತಾಯಿತು. ಆಪರೇಷನ್‌ಗೆ ಮುಂಚೆ ಐವತ್ತು ಸಾವಿರ, ಆಮೇಲೆ ಒಂದೂವರೆ ಲಕ್ಷ ಸಿಕ್ಕಿತು. ಉಳಿದದ್ದಕ್ಕೆ ಫೋನ್ ಮಾಡಿದರೆ, 'ನಿನ್ನ ಊಟ, ರೂಮು, ಟೆಸ್ಟು, ಡಾಕ್ಯುಮೆಂಟು ಎಲ್ಲದಕ್ಕೂ ಖರ್ಚಾಗಿದೆ, ಲೆಕ್ಕ ಮುಗೀತು' ಅಂದನಂತೆ. ಆಮೇಲೆ ನಂಬರ್ ಸ್ವಿಚ್ ಆಫ್. ಶೆಡ್‌ನಲ್ಲಿ ಭಾರದ ಫ್ರೇಮು ಎತ್ತಲು ಆಗುತ್ತಿಲ್ಲ, ಕೆಲಸವೂ ಹೋಯಿತು.

ನಾನು ದೂರು ಟೈಪ್ ಮಾಡಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ, ಅದು ಬೇರೆ ವಿಷಯ. ಅಂಗಡಿಯನ್ನು ನಮ್ಮಲ್ಲಿ ಕೆಲಸಕ್ಕಿರುವ ಹುಡುಗನ ಕೈಗೆ ಬಿಟ್ಟು ನಾನೂ ಇವನ ಜೊತೆ ಠಾಣೆಗೆ ಹೋದೆ. ಯಾವ ಠಾಣೆ ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ಅಧಿಕಾರಿ ಕೆಟ್ಟವರೇನಲ್ಲ. ದೂರನ್ನು ಪೂರ್ತಿ ಓದಿದರು. ಓದಿ ಮುಗಿಸಿ ಅವನನ್ನೇ ನೋಡಿ, 'ಮಾರಿದ್ದು ನೀನು, ದುಡ್ಡು ಇಸ್ಕೊಂಡಿದ್ದು ನೀನು, ಸುಳ್ಳು ಅಫಿಡವಿಟ್‌ಗೆ ಸೈನ್ ಹಾಕಿದ್ದೂ ನೀನು. ಇದನ್ನ ನಾನು ತಗೊಂಡ್ರೆ ಮೊದಲು ನಿನ್ನನ್ನೇ ಒಳಗೆ ಹಾಕ್ಬೇಕಾಗುತ್ತೆ. ಯೋಚನೆ ಮಾಡಿ ಬಾ' ಅಂದರು. ಹುಡುಗ ಕಾಗದ ವಾಪಸ್ ಕೇಳಿದ. ಮಡಚಿ ಜೇಬಿಗಿಟ್ಟುಕೊಂಡ. ಅಲ್ಲಿಗೆ ಮುಗಿಯಿತು.

ಸಚಿವರೇ, ಅಧಿಕಾರಿ ಹೇಳಿದ್ದು ಬೆದರಿಕೆ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಕಾಯ್ದೆ ತೆಗೆದು ಓದಿದಾಗ ಅವರು ಕಾನೂನನ್ನೇ ಹೇಳಿದ್ದರು ಅಂತ ತಿಳಿಯಿತು. 19ನೇ ಸೆಕ್ಷನ್ ನೋಡಿ. ಅಂಗಕ್ಕಾಗಿ ಹಣ ಕೊಟ್ಟವರು, ಹಣ ಪಡೆದವರು, ಹಣಕ್ಕೆ ಕೊಡುತ್ತೇನೆ ಎಂದವರು, ಕೊಡುವವರನ್ನು ಹುಡುಕಿದವರು, ಮಧ್ಯೆ ನಿಂತು ವ್ಯವಹಾರ ಕುದುರಿಸಿದವರು, ಜಾಹೀರಾತು ಕೊಟ್ಟವರು, ಎಲ್ಲರೂ ಒಂದೇ ತಕ್ಕಡಿಯಲ್ಲಿ. ಶಿಕ್ಷೆ ಕಡಿಮೆ ಅಂದರೆ 5 ವರ್ಷ, ಜಾಸ್ತಿ ಅಂದರೆ 10 ವರ್ಷ ಜೈಲು. ದಂಡ ಕಡಿಮೆ ಅಂದರೆ 20 ಲಕ್ಷ, 1 ಕೋಟಿಯವರೆಗೂ ಹೋಗಬಹುದು. ಮೊದಲು ಇದು 2ರಿಂದ 7 ವರ್ಷ ಜೈಲು, 10 ಸಾವಿರದಿಂದ 20 ಸಾವಿರ ದಂಡ ಇತ್ತು. 2011ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ದೊಡ್ಡ ಕುಳಗಳು ಹೆದರಲಿ ಅಂತ ಬಿಗಿ ಮಾಡಿದ್ದು ಸರಿ. ಆದರೆ ಎರಡು ಲಕ್ಷ ಕೈಗೆ ಬಂದವನ ತಲೆ ಮೇಲೂ ಅದೇ 20 ಲಕ್ಷದ ದಂಡ ತೂಗುತ್ತಿದೆ. ಅವನು ಸಾಲ ತೀರಿಸಲು ಕಿಡ್ನಿ ಮಾರಿದವನು. ಈ ದಂಡ ಕಟ್ಟಲು ಏನು ಮಾರಬೇಕು?

ಬ್ರೋಕರ್‌ಗೆ ಇದು ಚೆನ್ನಾಗಿ ಗೊತ್ತು. ಬಾಕಿ ದುಡ್ಡು ಕೊಡದೆ ಇರುವ ಧೈರ್ಯ ಅವನಿಗೆ ಬಂದಿರುವುದೇ ಈ ಸೆಕ್ಷನ್‌ನಿಂದ. ಹುಡುಗ ಹೇಳಿದ್ದು ನನಗೆ ನೆನಪಿದೆ. ಕೊನೇ ಸಲ ಫೋನ್‌ನಲ್ಲಿ ಮಾತಾಡಿದಾಗ ಬ್ರೋಕರ್, 'ಹೋಗು, ಪೊಲೀಸ್‌ಗೆ ಹೋಗು, ನಾನೇ ಆಟೋ ದುಡ್ಡು ಕೊಡ್ತೀನಿ' ಅಂದನಂತೆ. ಕಾನೂನು ಯಾರ ವಿರುದ್ಧ ಬಂತೋ ಅವನೇ ಅದನ್ನು ಗುರಾಣಿ ಮಾಡಿಕೊಂಡಿದ್ದಾನೆ. ಈ ವ್ಯವಹಾರವನ್ನು ಒಳಗಿನಿಂದ ಕಂಡವರು ನಾಲ್ಕೇ ಜನ: ಮಾರಿದವನು, ಕೊಂಡವನು, ಬ್ರೋಕರ್, ಮತ್ತು ಆಸ್ಪತ್ರೆಯಲ್ಲಿ ಕೈಜೋಡಿಸಿದವರು ಇದ್ದರೆ ಅವರು. ಇವರಲ್ಲಿ ಬಾಯಿ ಬಿಡಲು ಕಾರಣ ಇರುವುದು ಮಾರಿದವನಿಗೆ ಮಾತ್ರ. ಅವನ ಬಾಯಿಗೇ ನಾವು ಬೀಗ ಹಾಕಿದ್ದೇವೆ.

ಆನ್‌ಲೈನ್ ಮೋಸದ್ದೂ ಇದೇ ಕತೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಹೆಸರಲ್ಲಿ ನಕಲಿ ಪೇಜ್ ಮಾಡಿ, ಕಿಡ್ನಿಗೆ ಕೋಟಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂತ ದುಡ್ಡು ಕೀಳುವವರಿದ್ದಾರೆ. ಕೋಟಿಯೂ ಇಲ್ಲ, ಆಪರೇಷನ್ನೂ ಇಲ್ಲ, ಬರೀ ಲೂಟಿ. ಅಲ್ಲಿ ದುಡ್ಡು ಕಳೆದುಕೊಂಡವರೂ ದೂರು ಕೊಡಲು ಹಿಂಜರಿಯುತ್ತಾರೆ. ಯಾಕೆಂದರೆ ಹಣಕ್ಕೆ ಅಂಗ ಕೊಡುತ್ತೇನೆ ಅಂದದ್ದೇ 19ನೇ ಸೆಕ್ಷನ್‌ನಲ್ಲಿ ಅಪರಾಧ.

ಎರಡನೇ ತೊಡಕು 22ನೇ ಸೆಕ್ಷನ್‌ನಲ್ಲಿದೆ. ಇದನ್ನು ನನಗೆ ವಿವರಿಸಿದವರು ನಮ್ಮ ಮಹಡಿಯ ಮೇಲೆ ಆಫೀಸ್ ಇಟ್ಟಿರುವ ವಕೀಲರು. ಈ ಕಾಯ್ದೆಯ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಪೊಲೀಸರ ಚಾರ್ಜ್‌ಶೀಟ್ ಸಾಲದು. ಆರೋಗ್ಯ ಇಲಾಖೆಯ ಸಕ್ಷಮ ಪ್ರಾಧಿಕಾರ ಅಥವಾ ಅಧಿಕಾರ ಕೊಡಲ್ಪಟ್ಟ ಅಧಿಕಾರಿ ಖುದ್ದಾಗಿ ಕೋರ್ಟಿಗೆ ದೂರು ಸಲ್ಲಿಸಬೇಕು. ಸಾಮಾನ್ಯ ಮನುಷ್ಯ ನೇರವಾಗಿ ಹೋಗಬೇಕಾದರೆ ಆ ಪ್ರಾಧಿಕಾರಕ್ಕೆ 60 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. ಗುರ್‌ಗಾಂವ್ ಕಿಡ್ನಿ ಜಾಲದ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ತನಿಖೆ ಮಾಡಿದ್ದು ಸಿಬಿಐ. ಸಿಬಿಐಗೇ ಈ ದಾರಿ ಹಿಡಿಯಬೇಕಾಗಿ ಬಂದ ಮೇಲೆ ನಮ್ಮ ಬಡಾವಣೆಯ ಸಬ್ ಇನ್‌ಸ್ಪೆಕ್ಟರ್ ಯಾಕೆ ಉತ್ಸಾಹ ತೋರಿಸುತ್ತಾರೆ? ಅವರಿಗೆ ಅದು ಬೇರೆ ಇಲಾಖೆಯ ಫೈಲು. ಆ ಇಲಾಖೆ ಎಲ್ಲಿದೆ, ಯಾವ ಕಟ್ಟಡ, ಯಾವ ಟೇಬಲ್ ಅಂತ ಮೋಸಹೋದವನಿಗೆ ಗೊತ್ತಿಲ್ಲ. ಇನ್ನು 60 ದಿನದಲ್ಲಿ ಬ್ರೋಕರ್ ಮನೆಯನ್ನೇ ಬದಲಾಯಿಸಿರುತ್ತಾನೆ.

ಕಾಯ್ದೆ ಕೇಂದ್ರದ್ದು, ಸಂಸತ್ತು ತಿದ್ದಬೇಕು, ನಾವೇನು ಮಾಡಲು ಸಾಧ್ಯ ಅಂತ ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. 19ನೇ ಸೆಕ್ಷನ್ ಮಟ್ಟಿಗೆ ಅದು ನಿಜ. ಮಾರಿದವನಿಗೂ ದಂಧೆ ನಡೆಸುವವನಿಗೂ ಬೇರೆ ಬೇರೆ ಅಳತೆ ಇರಬೇಕು, ತಾನಾಗಿ ಬಂದು ದೂರು ಕೊಟ್ಟವನಿಗೆ ರಕ್ಷಣೆ ಇರಬೇಕು ಅಂತ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಗೊತ್ತು. ಆದರೆ ಈಗಿರುವ ಕಾನೂನಿನಲ್ಲೇ ತಾವು ಮಾಡಬಹುದಾದದ್ದು ಸಾಕಷ್ಟಿದೆ.

22ನೇ ಸೆಕ್ಷನ್‌ನಲ್ಲೇ ಒಂದು ಬಾಗಿಲು ತೆರೆದಿದೆ. ಕೋರ್ಟಿಗೆ ದೂರು ಸಲ್ಲಿಸುವ ಅಧಿಕಾರವನ್ನು ರಾಜ್ಯ ಸರ್ಕಾರ ಯಾವ ಅಧಿಕಾರಿಗೆ ಬೇಕಾದರೂ ಕೊಡಬಹುದು. ಬೆಂಗಳೂರು ನಗರದ ಪ್ರತಿ ಪೊಲೀಸ್ ವಿಭಾಗದಲ್ಲಿ ಒಬ್ಬ ಹಿರಿಯ ಅಧಿಕಾರಿಗೆ, ಬೇರೆ ಜಿಲ್ಲೆಗಳಲ್ಲಿ ಜಿಲ್ಲಾ ಮಟ್ಟದ ಒಬ್ಬರಿಗೆ ಆ ಅಧಿಕಾರ ಕೊಡಿ. ಒಂದು ಅಧಿಸೂಚನೆಯ ಕೆಲಸ. ಆಗ ಠಾಣೆಗೆ ಬಂದ ದೂರು ಎರಡು ಇಲಾಖೆಗಳ ನಡುವೆ ಓಡಾಡುವುದು ತಪ್ಪುತ್ತದೆ. ಸಕ್ಷಮ ಪ್ರಾಧಿಕಾರಕ್ಕೂ ಅಧಿಕಾರ ಕಡಿಮೆಯಿಲ್ಲ. ಯಾರನ್ನು ಬೇಕಾದರೂ ಕರೆಸಬಹುದು, ದಾಖಲೆ ತರಿಸಿಕೊಳ್ಳಬಹುದು, ಶೋಧನೆಗೆ ವಾರಂಟ್ ಹೊರಡಿಸಬಹುದು. 2011ರ ತಿದ್ದುಪಡಿಯೇ ಇದನ್ನೆಲ್ಲ ಕೊಟ್ಟಿದೆ. ದೂರು ಬರಲಿ ಅಂತ ಕಾಯುತ್ತಾ ಕೂರಬೇಕಾಗಿಲ್ಲ.

ಇನ್ನು ಮೋಸಹೋದವನನ್ನು ಆರೋಪಿ ಅಂತ ನೋಡದೆ ಸಂತ್ರಸ್ತ ಅಂತ ನೋಡಲು ಆಧಾರ ಇದೆಯಾ? ಇದೆ. ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಮಾನವ ಸಾಗಣೆಯ ಬಗ್ಗೆ. ಶೋಷಣೆ ಅಂದರೆ ಏನು ಅಂತ ಹೇಳುವಾಗ ಬಲವಂತವಾಗಿ ಅಂಗಾಂಗ ತೆಗೆಯುವುದನ್ನೂ ಅದು ಸೇರಿಸಿದೆ. ದುಡ್ಡು ಕೊಟ್ಟು ತೆಗೆದದ್ದು ಬಲವಂತ ಹೇಗಾಗುತ್ತದೆ ಅಂತ ವಕೀಲರು ವಾದ ಮಾಡಬಹುದು. ಆದರೆ ಆಮಿಷ ಒಡ್ಡಿ ಕರೆತಂದದ್ದೂ, ಮೋಸದಿಂದ ಕರೆತಂದದ್ದೂ ಅದೇ ಸೆಕ್ಷನ್‌ನಲ್ಲಿ ಬರುತ್ತದೆ. ಸಂತ್ರಸ್ತ ಒಪ್ಪಿದ್ದನೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಅಂತಲೂ ಅಲ್ಲೇ ಬರೆದಿದೆ. ಇದಕ್ಕೆ ಅಂಗಾಂಗ ಕಸಿ ಕಾಯ್ದೆಯ 22ನೇ ಸೆಕ್ಷನ್‌ನ ಅಡ್ಡಿಯೂ ಇಲ್ಲ. ಪೊಲೀಸರೇ ನೇರವಾಗಿ ಮುಂದುವರಿಯಬಹುದು. ಅದೂ ಆಗದ ಕಡೆ ಮಾಫಿ ಸಾಕ್ಷಿಯ ದಾರಿಯಿದೆ. ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 343ನೇ ಸೆಕ್ಷನ್ ಪ್ರಕಾರ, ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳುವವನಿಗೆ ಮ್ಯಾಜಿಸ್ಟ್ರೇಟ್ ಕ್ಷಮೆ ಕೊಡಬಹುದು. ದೊಡ್ಡ ದೊಡ್ಡ ಕೊಲೆ ಕೇಸುಗಳಲ್ಲಿ ಮಾಫಿ ಸಾಕ್ಷಿ ಮಾಡುತ್ತಾರೆ. ಒಂದು ಕಿಡ್ನಿ ಕಳೆದುಕೊಂಡ ಕೂಲಿಗೆ ಯಾಕೆ ಮಾಡಬಾರದು?

ಆದ್ದರಿಂದ ತಾವು ಗೃಹ ಇಲಾಖೆಯ ಜೊತೆ ಕೂತು ಒಂದು ಸುತ್ತೋಲೆ ಹೊರಡಿಸಬೇಕು ಅನ್ನುವುದು ನನ್ನ ಮನವಿ. ಅಂಗ ಮಾರಿದವನು ತಾನಾಗಿ ಬಂದು ದೂರು ಕೊಟ್ಟರೆ ಮೊದಲು ಅವನ ಹೇಳಿಕೆ ಪಡೆಯಬೇಕು, ಉಚಿತ ಕಾನೂನು ನೆರವಿಗೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಯತನಕ ಬಂಧಿಸಬಾರದು ಅಂತ ಅದರಲ್ಲಿ ಕನ್ನಡದಲ್ಲಿ, ಠಾಣೆಯ ಬರಹಗಾರನಿಗೂ ಅರ್ಥವಾಗುವ ಹಾಗೆ ಬರೆದಿರಲಿ.

ಹೀಗೆ ಮಾಡಿದರೆ ಎಲ್ಲರೂ ಮಾರಲು ಶುರು ಮಾಡುತ್ತಾರೆ, ಮಾರಿ ದುಡ್ಡು ತಿಂದು ಆಮೇಲೆ ಬಂದು ದೂರು ಕೊಡುತ್ತಾರೆ ಅಂತ ಹೇಳುವವರಿದ್ದಾರೆ. ನನ್ನ ಜೊತೆ ಚಹಾ ಕುಡಿಯುವ ಸ್ಟಾಂಪ್ ವೆಂಡರ್ ಕೂಡ ಇದನ್ನೇ ಅಂದರು. ನಾನು ಕೇಳುವುದಿಷ್ಟೇ. 5 ವರ್ಷ ಜೈಲು ಅಂತ ಗೊತ್ತಿದ್ದು ಯಾರಾದರೂ ಮಾರುವುದನ್ನು ಬಿಟ್ಟಿದ್ದಾರಾ? ಬೆಂಚಿನ ಮೇಲೆ ಕೂರುವವರಿಗೆ ಆ ಸೆಕ್ಷನ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅವರನ್ನು ಹೆದರಿಸುವುದು ವಾರದ ಕಂತು. ಹೆದರಬೇಕಾದವನು ಬ್ರೋಕರ್. ತಾನು ಕರೆತಂದವನೇ ನಾಳೆ ತನ್ನ ಮೇಲೆ ಸಾಕ್ಷಿ ಹೇಳಬಹುದು ಅಂತ ಅವನಿಗೆ ಅನ್ನಿಸಿದರೆ ದಂಧೆಯ ಲೆಕ್ಕವೇ ಬದಲಾಗುತ್ತದೆ.

ಇನ್ನು ಕೆಲವರು, ಅದರಲ್ಲೂ ಓದಿಕೊಂಡವರು, ಮಾರಾಟವನ್ನೇ ಕಾನೂನುಬದ್ಧ ಮಾಡಿಬಿಡಿ, ಇರಾನ್‌ನಲ್ಲಿ ಇದೆಯಲ್ಲ ಅನ್ನುತ್ತಾರೆ. ಇರಾನ್‌ನಲ್ಲಿ ಕಿಡ್ನಿ ಕೊಟ್ಟವರಿಗೆ ಹಣ ಕೊಡುವ ವ್ಯವಸ್ಥೆ ಇರುವುದು ನಿಜ. ನನಗೆ ಒಪ್ಪಿಗೆಯಿಲ್ಲ. ನನ್ನ ಅಂಗಡಿಗೆ ಕಿಡ್ನಿ ಕೊಡಲು ಬಂದ ಪರಿಚಯವಿಲ್ಲದವರಲ್ಲಿ ಸ್ವಂತ ಮನೆ ಇದ್ದವರನ್ನು ನಾನು ಕಂಡಿಲ್ಲ. ರೇಟ್ ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಸಾಲ ಕೊಡುವವರು, 'ಇನ್ನೂ ಒಂದು ಕಿಡ್ನಿ ಇದೆಯಲ್ಲಾ' ಅಂತ ಬಾಯಿಬಿಟ್ಟೇ ಕೇಳುವ ಕಾಲ ಬರುತ್ತದೆ, ಅಷ್ಟೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ತಮ್ಮ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಿರುಕುಳ ಎಲ್ಲಿಯತನಕ ಹೋಗುತ್ತದೆ ಅಂತ ತಮಗೆ ನಾನು ಹೇಳಬೇಕಾಗಿಲ್ಲ.

ಹೆಂಗಸರ ವಿಷಯ ಒಂದಿದೆ. ಇದು ಮಾರಾಟ ಅಲ್ಲ, ಆದರೆ ಪಕ್ಕದ ಬಾಗಿಲು. 1995ರಿಂದ 2021ರವರೆಗೆ ದೇಶದಲ್ಲಿ ಅಂಗಾಂಗ ಪಡೆದ ಐವರಲ್ಲಿ ನಾಲ್ವರು ಗಂಡಸರು ಅಂತ ಕೇಂದ್ರದ ಲೆಕ್ಕವೇ ಹೇಳುತ್ತದೆ. ಬದುಕಿದ್ದು ಕೊಡುವವರಲ್ಲಿ ಹೆಂಗಸರೇ ಜಾಸ್ತಿ. ನನ್ನ ಅಂಗಡಿಯಲ್ಲೂ ಅದೇ ಕಂಡಿದ್ದೇನೆ. ಗಂಡನಿಗೆ ಹೆಂಡತಿ ಕೊಡುವ ಕಾಗದ ಬಂದಷ್ಟು ಸಲೀಸಾಗಿ ಹೆಂಡತಿಗೆ ಗಂಡ ಕೊಡುವ ಕಾಗದ ಬರುವುದಿಲ್ಲ. ಕೊಡುವವಳು ಹೆಂಗಸಾದರೆ ಹೆಚ್ಚು ಎಚ್ಚರ ಬೇಕು, ಅವಳ ಗುರುತನ್ನೂ ಸ್ವಂತ ಒಪ್ಪಿಗೆಯನ್ನೂ ರೋಗಿಯಲ್ಲದ ಬೇರೊಬ್ಬರಿಂದ ಖಚಿತ ಮಾಡಿಕೊಳ್ಳಬೇಕು ಅಂತ ನಿಯಮದಲ್ಲಿದೆ. ಆ ಬೇರೊಬ್ಬರು ಅತ್ತೆಯೋ ಮೈದುನನೋ ಆದರೆ ಏನು ಪ್ರಯೋಜನ? ಆಸ್ಪತ್ರೆಗೂ ಆ ಮನೆಗೂ ಸಂಬಂಧವಿಲ್ಲದ ಒಬ್ಬ ಹೆಂಗಸು ಅವಳನ್ನು ಒಂಟಿಯಾಗಿ ಕೂರಿಸಿಕೊಂಡು, ಅವಳ ಮನೆಮಾತಿನಲ್ಲಿ ಮಾತಾಡಿಸಬೇಕು. ಕನ್ನಡವೋ, ತಮಿಳೋ, ತೆಲುಗೋ, ಉರ್ದುವೋ. 'ಬೇಡ' ಅಂದರೆ ಆ ಮಾತು ಮನೆಯವರ ಕಿವಿಗೆ ಬೀಳಬಾರದು. ರಕ್ತ ಹೊಂದಲಿಲ್ಲ ಅಂತ ಡಾಕ್ಟರೇ ಒಂದು ಮಾತು ಹೇಳಿದರೂ ನಡೆಯುತ್ತದೆ.

ಅದೇ ರೀತಿ ಸಂಬಂಧಿ ಅಲ್ಲದವರು ಕೊಡುವಾಗಲೂ ಸಮಿತಿಯ ಮುಂದೆ ಬ್ರೋಕರ್ ಹೇಳಿಕೊಟ್ಟ ಉತ್ತರ ಕೆಲಸ ಮಾಡಬಾರದು. 'ಹಣ ತಗೊಂಡಿದ್ದೀರಾ?' ಅಂತ ಕೇಳಿದರೆ 'ಇಲ್ಲ ಸಾರ್' ಅನ್ನುವುದನ್ನು ಗಿಳಿಗೂ ಕಲಿಸಬಹುದು. 'ಅವರ ಮನೆಯಲ್ಲಿ ಕೊನೇ ಸಲ ಯಾವ ಹಬ್ಬಕ್ಕೆ ಊಟ ಮಾಡಿದ್ರಿ, ಯಾರು ಬಡಿಸಿದ್ರು, ಮನೆಗೆ ಯಾವ ಬಸ್ಸಲ್ಲಿ ಹೋಗ್ತೀರಿ?' ಅಂತ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಲಿ. ನನಗೆ ಒಂದು ಇನಿಷಿಯಲ್ ಕೇಳಿದ್ದಕ್ಕೇ ಗೊತ್ತಾಯಿತು, ಅಲ್ವಾ?

ಕಿಡ್ನಿಗೆ ಕಾಯುವವರು ಬಹಳ, ಸಿಗುವುದು ಕಡಿಮೆ. ಬ್ರೋಕರ್‌ಗೆ ಜಾಗ ಸಿಗುವುದೇ ಅಲ್ಲಿ. ಆ ಜಾಗ ಮುಚ್ಚಬೇಕಾದರೆ ಮಿದುಳು ನಿಷ್ಕ್ರಿಯವಾದವರ ಅಂಗದಾನ ಹೆಚ್ಚಬೇಕು. ಈ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಅಂಗದಾನದ ಕೆಲಸ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆ ಇದೆ, 2023ರಲ್ಲಿ 178 ಕುಟುಂಬಗಳು ದಾನಕ್ಕೆ ಒಪ್ಪಿದವು. ಡಾ. ರಾಜ್‌ಕುಮಾರ್ ಅವರ ಕಣ್ಣು, ಪುನೀತ್ ಅವರ ಕಣ್ಣು, ಅಪಘಾತದಲ್ಲಿ ಹೋದ ಸಂಚಾರಿ ವಿಜಯ್ ಅವರ ಅಂಗಾಂಗ, ಇವೆಲ್ಲ ಕನ್ನಡಿಗರ ಮನಸ್ಸಿನಲ್ಲಿವೆ. ಜನ ಮನಸ್ಸು ಮಾಡುತ್ತಾರೆ. ಆದರೆ ಜಿಲ್ಲಾ ಆಸ್ಪತ್ರೆಯ ಐಸಿಯುನಲ್ಲಿ ಮಿದುಳು ನಿಷ್ಕ್ರಿಯ ಅಂತ ದೃಢಪಡಿಸುವ ವ್ಯವಸ್ಥೆ ಇಲ್ಲದಿದ್ದರೆ, ಮನೆಯವರನ್ನು ಕೇಳುವವರೇ ಇಲ್ಲದಿದ್ದರೆ, ಅವರ ಮನಸ್ಸು ಏನು ಮಾಡೀತು? ಇದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ತಮ್ಮ ಇಲಾಖೆಯಲ್ಲೇ ಇದ್ದಾರೆ. ನಾನು ಉದ್ದ ಮಾಡುವುದಿಲ್ಲ.

ಕಿಡ್ನಿ ಕೊಟ್ಟಾದ ಮೇಲೆ ಏನು ಅನ್ನುವುದನ್ನು ಮಾತ್ರ ಹೇಳಲೇಬೇಕು. ಒಂದು ಕಿಡ್ನಿಯಲ್ಲಿ ಚೆನ್ನಾಗಿ ಬದುಕಬಹುದು ಅಂತ ಡಾಕ್ಟರುಗಳು ಹೇಳುತ್ತಾರೆ, ಸರಿ. ಆದರೆ ಬಿಪಿ ನೋಡಿಸುತ್ತಿರಬೇಕು, ವರ್ಷಕ್ಕೊಮ್ಮೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಬೇಕು ಅಂತಲೂ ಅವರೇ ಹೇಳುತ್ತಾರೆ. ಸ್ವಂತ ಮಗನಿಗೆ ಕೊಟ್ಟ ತಾಯಿಯನ್ನು ಮಗ ಕರೆದುಕೊಂಡು ಹೋಗುತ್ತಾನೆ. ಮಾರಿದವನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಅವನು ಸರ್ಕಾರಿ ಆಸ್ಪತ್ರೆಗೆ ಹೋದರೆ ಡಾಕ್ಟರ್ ಪಕ್ಕೆಯ ಗುರುತು ನೋಡಿ ಇದೇನು ಅಂತ ಕೇಳುತ್ತಾರೆ. ಅದಕ್ಕೆ ಹೆದರಿ ಅವನು ಹೋಗುವುದೇ ಇಲ್ಲ. ನಮ್ಮ ಹುಡುಗ ಹೇಳಿದ್ದು ಅದನ್ನೇ. ನೋವು ಬಂದರೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಾನಂತೆ. ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ ಅಂತ ನಮ್ಮಂಥವರಿಗೂ ಗೊತ್ತು. ಒಂದು ಕಿಡ್ನಿ ಇರುವ ಯಾರಿಗೇ ಆಗಲಿ, ಹೇಗೆ ಹೋಯಿತು ಅಂತ ಪ್ರಶ್ನೆ ಕೇಳದೆ, ವರ್ಷಕ್ಕೊಮ್ಮೆ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಮಾಡಿಸಿಕೊಡಿ. ಅವನು ಮುಂದೆ ಡಯಾಲಿಸಿಸ್‌ಗೆ ಬಂದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಇಷ್ಟಕ್ಕೆಲ್ಲ ಸಮಯ ಬೇಕು, ಕಡತ ಓಡಾಡಬೇಕು ಅಂತ ಗೊತ್ತು. ಆದರೆ ಒಂದು ಕೆಲಸ ಈ ತಿಂಗಳೇ ಆಗಬಹುದು. ಕಸಿಗೆ ಅನುಮತಿ ಇರುವ ಪ್ರತಿ ಆಸ್ಪತ್ರೆಯ ಬಾಗಿಲಲ್ಲೂ, ಡಯಾಲಿಸಿಸ್ ಕೇಂದ್ರದಲ್ಲೂ, ನೋಟರಿಗಳು ಕೂರುವ ಕೋರ್ಟಿನ ಅಂಗಳದಲ್ಲೂ ಒಂದು ಬೋರ್ಡು ಹಾಕಿಸಿ. ಕಿಡ್ನಿಗೆ ದುಡ್ಡು ಕೊಡುತ್ತೇವೆ ಅಂದವರ ಬಗ್ಗೆ, ಕೊಟ್ಟು ಮೋಸ ಮಾಡಿದವರ ಬಗ್ಗೆ ಯಾರಿಗೆ ಹೇಳಬೇಕು ಅಂತ ಒಂದು ಫೋನ್ ನಂಬರ್ ಇರಲಿ. ಸಕ್ಷಮ ಪ್ರಾಧಿಕಾರದ ಅಧಿಕಾರಿ ಯಾರು, ಯಾವ ಕಟ್ಟಡ, ಯಾವ ಮಹಡಿ ಅಂತ ಇರಲಿ. ಫೋನ್ ಎತ್ತುವವರು ಕನ್ನಡದಲ್ಲಿ ಮಾತಾಡಲಿ, ಹೆಸರು ಕೇಳುವ ಮೊದಲು ವಿಷಯ ಕೇಳಲಿ. ನಮ್ಮಂಥ ಟೈಪಿಂಗ್ ಅಂಗಡಿಯವರಿಗೂ ಅನುಮಾನ ಬಂದಾಗ ಹೇಳಲು ಒಂದು ಜಾಗ ಬೇಕು. ಈಗ ನಾವು ಆಗಲ್ಲ ಅಂದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ ಆಗುತ್ತಿರುವುದು.

ಈ ಪತ್ರದ ಪ್ರತಿಯನ್ನು ಗೃಹ ಸಚಿವರಿಗೂ ಕಳಿಸುತ್ತಿದ್ದೇನೆ. ತಮ್ಮ ಕಚೇರಿಯಿಂದ ಲಿಖಿತ ಉತ್ತರ ಬಂದರೆ, ಅದನ್ನು ಆ ಹುಡುಗನಿಗೆ ತೋರಿಸಿ, ಮತ್ತೊಮ್ಮೆ ದೂರು ಕೊಡುತ್ತೀಯಾ ಅಂತ ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೋರ್ಟ್ ರಸ್ತೆಯ ಟೈಪಿಂಗ್ ಅಂಗಡಿಯವನು,
ಬೆಂಗಳೂರು